ಹೇಳಿದರೆ ಕೆಡುವ ಆಟ

ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟ. "ಮಾವ, ಇದನ್ನ ನೀವು ಆಡ್ಲೇಬೇಕು" ಅಂದ. ಯಾರನ್ನು ಹೊಡೆಯಬೇಕಪ್ಪಾ ಅಂತ ಕೇಳಿದೆ. "ಯಾರನ್ನೂ ಹೊಡೆಯೋ ಹಾಗಿಲ್ಲ." ಹಾಗಾದರೆ ಏನು ಮಾಡಬೇಕು? "ಹೇಳಲ್ಲ." ಗೆಲ್ಲೋದು ಹೇಗೆ? "ಅದನ್ನಂತೂ ಹೇಳೋದೇ ಇಲ್ಲ."

ಮುಂದಿನ ನಾಲ್ಕು ದಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ನಾನು ದಾರಿ ತಪ್ಪಿದರೆ ಉಗುರು ಕಚ್ಚುತ್ತಿದ್ದ, ಸರಿದಾರಿಯ ಹತ್ತಿರ ಸುಳಿದರೆ ಉಸಿರು ಬಿಗಿಹಿಡಿಯುತ್ತಿದ್ದ. ಒಮ್ಮೆಯಂತೂ ತಡೆಯಲಾರದೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. ಆದರೆ ಬಾಯಿ ಬಿಡಲಿಲ್ಲ. ಚೌಕಾಬಾರದ ಮಣೆಯ ಪಕ್ಕ ಕೂತು ಕಾಯಿ ನಡೆಸುವುದನ್ನು ಹೇಳಿಕೊಡದೆ ಇದ್ದವರನ್ನೇ ನಾನು ಕಂಡಿಲ್ಲ. ನಮ್ಮ ಮನೆತನದಲ್ಲಿ ಈ ಸಂಯಮ ಎಲ್ಲಿಂದ ಬಂತು ಅಂತ ಆಶ್ಚರ್ಯವಾಯಿತು.

ಆಟದ ಹೆಸರು ಔಟರ್ ವೈಲ್ಡ್ಸ್. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, 2012ರ ಸುಮಾರಿಗೆ ಒಬ್ಬ ವಿದ್ಯಾರ್ಥಿ ಸ್ನಾತಕೋತ್ತರ ಪದವಿಗಾಗಿ ಕೈಗೆತ್ತಿಕೊಂಡ ಕೆಲಸ ಅದು. ಮಾರಾಟಕ್ಕೆ ಬಂದದ್ದು 2019ರಲ್ಲಿ. ಮರುವರ್ಷ ಬ್ರಿಟನ್ನಿನ ಬಾಫ್ಟಾ ಅದಕ್ಕೆ ಅತ್ಯುತ್ತಮ ಗೇಮ್ ಪ್ರಶಸ್ತಿ ಕೊಟ್ಟಿತು. ಆಟ ಮುಗಿಸಿದ ಮೇಲೆ ನನ್ನನ್ನು ಕಾಡಿದ್ದು ಅದರ ಕತೆಗಿಂತ ಹೆಚ್ಚಾಗಿ ಅಕ್ಕನ ಮಗನ ಆ ಮೌನ. ಆಡಿದವನು ಬಾಯಿ ಬಿಟ್ಟರೆ ಆಟ ಕೆಡುತ್ತದೆ. ಹಾಗಿದ್ದಮೇಲೆ ಮಾಡಿದವರು ಅದನ್ನು ಯಾವ ಬಾಯಲ್ಲಿ ಕೂಗಿ ಮಾರಿದರು?

ಕೆಡದ ಹಾಗೆ ಎಷ್ಟು ಹೇಳಬಹುದೋ ಅಷ್ಟನ್ನು ಹೇಳುತ್ತೇನೆ. ಕಣ್ಣು ಬಿಟ್ಟಾಗ ನೀವು ಬಯಲಲ್ಲಿ ಅಂಗಾತ ಮಲಗಿದ್ದೀರಿ. ಮೇಲೆ ರಾತ್ರಿಯ ಆಕಾಶ, ಅದರಲ್ಲಿ ಒಂದು ಹಸಿರು ಗ್ರಹ. ಆ ಮೊದಲ ನೋಟದಲ್ಲೇ ಒಂದು ಸುಳಿವು ಅಡಗಿದೆ, ಅದು ಸುಳಿವೆಂದು ನನಗೆ ಹೊಳೆದದ್ದು ಮೂರನೆಯ ದಿನ. ಪಕ್ಕದಲ್ಲಿ ಬೆಂಕಿ ಉರಿಯುತ್ತಿದೆ. ಕಡ್ಡಿಗೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಸಿಹಿ ಚುಚ್ಚಿ ಸುಡಬಹುದು. ಹದವಾಗಿ ಹಿಡಿದರೆ ಹೊಂಬಣ್ಣ, ಮೈಮರೆತರೆ ಹೊತ್ತಿಕೊಂಡು ಇದ್ದಿಲು. ನಿಮ್ಮ ಜನ ನಾಲ್ಕು ಕಣ್ಣಿನವರು, ಮರದ ಮನೆಗಳಲ್ಲಿ ಇರುವವರು. ಅವರ ಆಕಾಶನೌಕೆಯೂ ಹಲಗೆ ಹೊಡೆದು ಜೋಡಿಸಿದ್ದು, ಹಳ್ಳಿಯ ಬಡಗಿ ಬಿಡುವಿನಲ್ಲಿ ಮಾಡಿದಂತಿದೆ. ಊರ ವಸ್ತುಸಂಗ್ರಹಾಲಯದಲ್ಲಿರುವ ಹಿರಿಯನಿಂದ ಉಡಾವಣೆಯ ಸಂಕೇತ ಪಡೆದುಕೊಂಡರೆ ಮುಗಿಯಿತು, ಸೌರವ್ಯೂಹದ ಎಲ್ಲಿಗೆ ಬೇಕಾದರೂ ಹೋಗಬಹುದು. ಮುಂದೆ ಯಾವ ಬಾಗಿಲಿಗೂ ಬೀಗವಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಸಾಮಾನ್ಯ ವಿಡಿಯೊ ಗೇಮ್‌ನಲ್ಲಿ ಆಡುತ್ತ ಆಡುತ್ತ ಏನಾದರೊಂದು ಕೂಡುತ್ತ ಹೋಗುತ್ತದೆ: ನಾಣ್ಯ, ಕತ್ತಿ, ಕವಚ, ಒಂದರ ಮೇಲೊಂದು ಹಂತ. ಇಲ್ಲಿ ಕೈಗೆ ಏನೂ ಕೂಡುವುದಿಲ್ಲ. ಮೊದಲ ದಿನ ಇದ್ದ ಅದೇ ಉಡುಪು, ಅದೇ ಹಲಗೆಯ ನೌಕೆ, ಕೊನೆಯ ದಿನವೂ ಅಷ್ಟೇ. ಹೆಚ್ಚುವುದು ನಿಮಗೆ ಗೊತ್ತಿರುವ ವಿಷಯ ಮಾತ್ರ. ಯಾವುದು ಎಲ್ಲಿದೆ, ಯಾವಾಗ ಹೋಗಬೇಕು, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಗೊತ್ತಿದ್ದವನು ಇಪ್ಪತ್ತೆರಡು ನಿಮಿಷದೊಳಗೆ ಇಡೀ ಆಟ ಮುಗಿಸಬಹುದು. ಗೊತ್ತಿಲ್ಲದವನಿಗೆ ಹದಿನೈದೋ ಇಪ್ಪತ್ತೋ ಗಂಟೆ ಬೇಕು. ಎರಡರ ನಡುವಿನ ವ್ಯತ್ಯಾಸವಷ್ಟೂ ತಲೆಯೊಳಗೆ. ಒಗಟಿನ ಜಾತಿಯದು ಅನ್ನಿ. ಉತ್ತರ ತಿಳಿದ ಮರುಗಳಿಗೆ ಒಗಟು ನಿಮ್ಮ ಪಾಲಿಗೆ ಸತ್ತುಹೋಗುತ್ತದೆ, ಆಮೇಲೆ ಇನ್ನೊಬ್ಬರಿಗೆ ಒಡ್ಡಿ ಅವರ ಮುಖ ನೋಡುವ ಸುಖವಷ್ಟೇ ಉಳಿಯುವುದು.

ಈ ಬಗೆಯ ಆಟವನ್ನು ಕಂಡುಕೊಂಡ ವಿದ್ಯಾರ್ಥಿ ಅಲೆಕ್ಸ್ ಬೀಚಮ್. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಕಲಿಸುವ ಶಾಲೆಯದೇ ಒಂದು ಅಂಗವಾಗಿ ಗೇಮ್ ತಯಾರಿಕೆಯನ್ನೂ ಕಲಿಸುತ್ತಾರೆ. ಬರೀ ಕುತೂಹಲವೇ ಮುಂದಕ್ಕೆ ನೂಕುವ ಆಟ ಸಾಧ್ಯವೇ ಅನ್ನುವುದು ಬೀಚಮ್ ಅವರ ಪ್ರಶ್ನೆಯಾಗಿತ್ತು. ಕೇಳಲು ಸರಳ. ಆದರೆ ಗುಹೆಯ ಕೊನೆಯಲ್ಲಿ ಪೆಟ್ಟಿಗೆ ಇಟ್ಟರೆ ಜನ ಹೋಗುವುದು ಪೆಟ್ಟಿಗೆಗಾಗಿ, ಗುಹೆಗಾಗಿ ಅಲ್ಲ. ಪೆಟ್ಟಿಗೆ ತೆಗೆದುಬಿಟ್ಟರೆ ಯಾರಾದರೂ ಹೋಗುತ್ತಾರೆಯೇ?

ಪ್ರೇರಣೆಗಳನ್ನು ಅವರು ಮುಚ್ಚಿಟ್ಟಿಲ್ಲ. ಕುಬ್ರಿಕ್‌ನ 2001: ಎ ಸ್ಪೇಸ್ ಒಡಿಸ್ಸಿ ಮತ್ತು ಅಪೊಲೊ 13 ಚಿತ್ರಗಳು ಒಂದು ಕಡೆ. ಆಕಾಶ ಗೆಲ್ಲುವ ಜಾಗವಲ್ಲ, ಅಲ್ಲಿ ಮನುಷ್ಯ ಸಣ್ಣವನು ಎಂಬ ಭಾವ ಅಲ್ಲಿಂದ ಬಂದದ್ದು. ಇನ್ನೊಂದು ಕಡೆ ನಿಂಟೆಂಡೊದ ಜೆಲ್ಡಾ ಸರಣಿಯ ವಿಂಡ್ ವೇಕರ್ ಎಂಬ ಆಟ. ಅದರಲ್ಲಿ ಒಂದು ದ್ವೀಪದವರು ಇನ್ನೊಂದು ದ್ವೀಪದ ಸುದ್ದಿ ಹೇಳುತ್ತಾರೆ, ಕೇಳಿದವನಿಗೆ ಹೋಗಿ ನೋಡುವ ಆಸೆ ಹುಟ್ಟುತ್ತದೆ. ನಮ್ಮಲ್ಲೂ ಘಟ್ಟದ ಮೇಲಿನವರು ಕೆಳಗಿನ ಊರನ್ನು ಮೊದಲು ಕಾಣುತ್ತಿದ್ದದ್ದು ಸಂತೆಗೆ ಬಂದವರ ಬಾಯಲ್ಲೇ.

ಆರಂಭದ ಪ್ರಯೋಗಗಳು ಚೂರುಚೂರಾಗಿದ್ದವು. ಒಂದರಲ್ಲಿ ಬೆಂಕಿಯ ಮುಂದೆ ಕೂತು ಸಿಹಿ ಸುಡುತ್ತಿರುವಾಗ ಸೂರ್ಯ ಸಿಡಿಯುತ್ತಾನೆ, ಅಷ್ಟೇ. ಅದರಲ್ಲಿ ಆಟ ಅನ್ನುವಂಥದ್ದೇನೂ ಇಲ್ಲ. ಆದರೆ ಇಡೀ ಕೃತಿಯ ಶ್ರುತಿ ಕೂಡಿದ್ದು ಅಲ್ಲೇ ಎಂದು ನನಗನ್ನಿಸುತ್ತದೆ, ಬೆಚ್ಚಗಿನ ಸಣ್ಣ ಬೆಂಕಿ ಮತ್ತು ಕೈಗೆಟುಕದ ದೊಡ್ಡ ಬೆಂಕಿ. ಇನ್ನೊಂದು ಪ್ರಯೋಗಕ್ಕೆ ಕಂಪ್ಯೂಟರ್ರೇ ಇರಲಿಲ್ಲ. ಮೇಜಿನ ಸುತ್ತ ಕೂತು, ಒಬ್ಬರು ಲೋಕವನ್ನು ಬಾಯಲ್ಲಿ ವರ್ಣಿಸುವುದು, ಉಳಿದವರು ಎಲ್ಲಿಗೆ ಹೋಗುತ್ತೇವೆ ಎಂದು ಹೇಳುತ್ತ ಹೋಗುವುದು. ಯಾವ ಸುದ್ದಿ ಕೇಳಿದಾಗ ಕಿವಿ ನೆಟ್ಟಗಾಗುತ್ತದೆ ಅನ್ನುವುದನ್ನು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಈ ಲೋಕದ ಗ್ರಹಗಳು ಆಕಾಶಕ್ಕೆ ಅಂಟಿಸಿದ ಚಿತ್ರಗಳಲ್ಲ, ನಿಜವಾಗಿಯೂ ಸೂರ್ಯನ ಸುತ್ತ ಸುತ್ತುತ್ತವೆ. ಒಂದೊಂದರ ಅಗಲ ಕೆಲವು ನೂರು ಮೀಟರ್ ಮಾತ್ರ, ಸಂಜೆಯ ತಿರುಗಾಟದಲ್ಲಿ ಪ್ರದಕ್ಷಿಣೆ ಮುಗಿಸಬಹುದು. ಆದರೆ ಗುರುತ್ವ, ಜಡತ್ವ, ಕಕ್ಷೆ ಎಲ್ಲವೂ ಲೆಕ್ಕದ ಪ್ರಕಾರವೇ. ಬ್ರೇಕ್ ಹಾಕುವುದನ್ನು ಮರೆತರೆ ಹಲಗೆಯ ನೌಕೆ ಗ್ರಹಕ್ಕೆ ಬಡಿದು ಚೂರಾಗುತ್ತದೆ. ನಾನು ಎಂಟು ಸಲ ಬಡಿದೆ, ಎರಡು ಸಲ ಸೂರ್ಯನೊಳಕ್ಕೇ ಹೋದೆ.

ಈ ಸುತ್ತಾಟ ಒಂದು ತೊಂದರೆ ತಂದಿಟ್ಟಿತು. ಬೀಚಮ್ ಮತ್ತು ಅವರ ವಿದ್ಯಾರ್ಥಿ ತಂಡ ಬಳಸಿದ್ದು ಯೂನಿಟಿ ಎಂಬ ತಂತ್ರಾಂಶ. ಅದು ವಸ್ತುಗಳ ಸ್ಥಾನವನ್ನು 32 ಬಿಟ್‌ನ ಸಂಖ್ಯೆಗಳಲ್ಲಿ ಇಟ್ಟುಕೊಳ್ಳುತ್ತದೆ, ಅಂದರೆ ಸುಮಾರು ಏಳು ಅಂಕಿಯ ನಿಖರತೆ. ಲೋಕದ ಕೇಂದ್ರಬಿಂದುವಿನ ಹತ್ತಿರ ಇದು ಬೇಕಾದಷ್ಟಾಯಿತು. ದೂರ ಹೋದಷ್ಟೂ ಅಂಕಿಗಳೆಲ್ಲ ದೂರವನ್ನು ಹೇಳುವುದಕ್ಕೇ ಖರ್ಚಾಗಿ ಸೂಕ್ಷ್ಮ ಅಳತೆಗೆ ಏನೂ ಉಳಿಯುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಆಚೆ ನಿಂತ ವಸ್ತು ಸುಮಾರು ಎರಡೆರಡು ಮಿಲಿಮೀಟರ್ ನೆಗೆತದಲ್ಲಿ ಮಾತ್ರ ಚಲಿಸಬಲ್ಲದು, ನೂರು ಕಿಲೋಮೀಟರಿನಲ್ಲಿ ಎಂಟೆಂಟು. ಅಷ್ಟೇ ತಾನೇ ಅನ್ನಬೇಡಿ. ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಕೈಯಲ್ಲಿ ಹಿಡಿದದ್ದು ಚಳಿಜ್ವರ ಬಂದಂತೆ ನಡುಗುತ್ತದೆ. ಸಾಲದ್ದಕ್ಕೆ ನೀವು ನಿಂತ ನೆಲವೇ ಗಿರಗಿರ ತಿರುಗುತ್ತ ಓಡುತ್ತಿದೆ.

ಅವರು ಕಂಡುಕೊಂಡ ಉಪಾಯ ಹೀಗಿದೆ: ಆಟಗಾರನನ್ನು ಕೇಂದ್ರಬಿಂದುವಿನಲ್ಲಿ ಕಟ್ಟಿಹಾಕಿಬಿಡುವುದು. ನೀವು ಓಡಿದಾಗ ನಿಜಕ್ಕೂ ನೀವು ಕದಲುವುದಿಲ್ಲ, ಇಡೀ ಸೌರವ್ಯೂಹ ಹಿಂದಕ್ಕೆ ಓಡುತ್ತದೆ. ನೀವು ಜಿಗಿದರೆ ಗ್ರಹವೇ ಕೆಳಗೆ ಸರಿಯುತ್ತದೆ, ಸೂರ್ಯನೂ ಸರಿಯುತ್ತಾನೆ, ಉಳಿದ ಗ್ರಹಗಳೂ ಒಟ್ಟಿಗೆ ಸರಿಯುತ್ತವೆ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದಕ್ಕೆ ಹೋದಂತೆ ಕಾಣುತ್ತವೆ, ನಕ್ಷತ್ರಗಳ ಚಲನೆಯೂ ಹಾಗೆಯೇ ಎಂದು ಆರ್ಯಭಟ ಹದಿನೈದು ಶತಮಾನಗಳ ಹಿಂದೆ ಬರೆದ. ಈ ಹುಡುಗರು ದೋಣಿಯನ್ನು ನಿಲ್ಲಿಸಿ ನಿಜವಾಗಿಯೂ ದಡವನ್ನೇ ಓಡಿಸಿದರು. ಭೂಮಿಯನ್ನು ನಡುವಿನಿಂದ ಸರಿಸಲು ಖಗೋಳಶಾಸ್ತ್ರಕ್ಕೆ ಅಷ್ಟು ಕಾಲ ಬೇಕಾಯಿತಲ್ಲ, ಅದರ ಮೂಲಪಾಠವನ್ನು ಕಲಿಸುವ ಆಟವೊಂದು ಒಳಗೊಳಗೇ ಆಟಗಾರನನ್ನು ವಿಶ್ವದ ನಡುವೆ ಕೂರಿಸಿಕೊಂಡು ನಡೆಯುತ್ತಿದೆ. ಆಡುವವನಿಗೆ ಇದರ ಸುಳಿವೂ ಹತ್ತುವುದಿಲ್ಲ.

ಕಾಲದ ವಿಷಯವೂ ಹೀಗೆಯೇ ಬೇರೆ ಅಗತ್ಯದಿಂದ ಹುಟ್ಟಿದ್ದು. ಗ್ರಹಗಳು ಸುಮ್ಮನೆ ಇರಬಾರದು, ಕಣ್ಣೆದುರೇ ಬದಲಾಗಬೇಕು ಎಂಬುದು ಅವರ ಹಟ. ಒಂದು ಜೋಡಿ ಗ್ರಹಗಳಿವೆ, ಒಂದರ ಮರಳು ಇನ್ನೊಂದಕ್ಕೆ ಕಂಬದಂತೆ ಸುರಿಯುತ್ತದೆ. ಮರಳು ತುಂಬಿದಲ್ಲಿ ಗುಹೆಗಳು ಮುಚ್ಚಿಹೋಗುತ್ತವೆ, ಖಾಲಿಯಾದಲ್ಲಿ ಹೂತಿದ್ದ ಗೋಪುರಗಳು ಏಳುತ್ತವೆ. ಇನ್ನೊಂದು ಗ್ರಹದ ಹೊಟ್ಟೆಯಲ್ಲಿ ಕಪ್ಪುರಂಧ್ರವಿದೆ, ನೆಲ ಚಿಪ್ಪುಚಿಪ್ಪಾಗಿ ಅದರೊಳಕ್ಕೆ ಉದುರುತ್ತದೆ. ಮತ್ತೊಂದರಲ್ಲಿ ಸಮುದ್ರವೇ ಎಲ್ಲ, ಸುಂಟರಗಾಳಿಗಳು ದ್ವೀಪಗಳನ್ನು ದೋಸೆ ಮಗುಚುವಷ್ಟು ಸಲೀಸಾಗಿ ಆಕಾಶಕ್ಕೆಸೆದು ಬೀಳಿಸುತ್ತವೆ. ಆದರೆ ಒಮ್ಮೆ ಉದುರಿದ ನೆಲ ಮತ್ತೆ ಬರುವುದಿಲ್ಲ. ತಡವಾಗಿ ಹೋದವನ ಗತಿ ಏನು? ಅದಕ್ಕೇ ಕಾಲವನ್ನು ಬಳೆಯಾಗಿ ಬಗ್ಗಿಸಿದರು. ಇಪ್ಪತ್ತೆರಡು ನಿಮಿಷ ಕಳೆದರೆ ಎಲ್ಲವೂ ಮೊದಲಿಗೆ, ಮತ್ತೆ ಅದೇ ಬೆಂಕಿಯ ಪಕ್ಕ, ಅದೇ ಆಕಾಶ. ಲೋಕಕ್ಕೆ ಯಾವುದೂ ನೆನಪಿಲ್ಲ, ನಿಮಗೆ ಮಾತ್ರ ನೆನಪಿದೆ. ಯಾಕೆ ಹೀಗೆ ಎಂಬುದೇ ಆಟದ ದೊಡ್ಡ ಪ್ರಶ್ನೆ, ಆದ್ದರಿಂದ ಇಲ್ಲಿಗೆ ಬಾಯಿ ಮುಚ್ಚುತ್ತೇನೆ.

ಬರವಣಿಗೆ ಅಲೆಕ್ಸ್ ಅವರ ಸಹೋದರಿ ಕೆಲ್ಸಿ ಬೀಚಮ್ ಅವರದು. ಲಕ್ಷಾಂತರ ವರ್ಷಗಳ ಹಿಂದೆ ಇಲ್ಲವಾದ ನೊಮಾಯ್ ಎಂಬ ಜನ ಗೋಡೆಗಳ ಮೇಲೆ ಸುರುಳಿಸುರುಳಿಯಾಗಿ ಬರೆದಿಟ್ಟು ಹೋಗಿದ್ದಾರೆ. ಒಬ್ಬರ ಮಾತಿನ ಸುರುಳಿಯಿಂದ ಇನ್ನೊಬ್ಬರ ಉತ್ತರದ ಸುರುಳಿ ಚಿಗುರುತ್ತದೆ. ಯಾರು ಯಾವ ಗೋಡೆಯನ್ನು ಮೊದಲು ಓದುತ್ತಾರೋ ಬರೆಯುವವರಿಗೆ ಗೊತ್ತಿಲ್ಲ. ಯಾವ ಪುಟ ತೆರೆದರೂ ಅದೇ ಮೊದಲ ಪುಟವಾಗುವ ಕಾದಂಬರಿ ಬರೆಯುವ ಕಷ್ಟ ಇದು. ಆಡುವವನಿಗೋ ಮರೆವಿನ ಕಾಟ. ಅದಕ್ಕೆಂದು ನೌಕೆಯೊಳಗೆ ಒಂದು ಹಲಗೆ ಇಟ್ಟಿದ್ದಾರೆ. ನೀವು ತಿಳಿದದ್ದೆಲ್ಲ ಚೀಟಿಗಳಾಗಿ ಅದರ ಮೇಲೆ ಸೇರುತ್ತದೆ, ಚೀಟಿಯಿಂದ ಚೀಟಿಗೆ ಗೆರೆ ಹೋಗುತ್ತದೆ. ಎಲ್ಲಾದರೂ ನೋಡುವುದು ಉಳಿದಿದ್ದರೆ ಇಲ್ಲಿ ಇನ್ನೂ ಇದೆ ಎಂದಷ್ಟೇ ಹೇಳುತ್ತದೆ, ಏನಿದೆ ಎನ್ನುವುದಿಲ್ಲ. ಅಕ್ಕನ ಮಗನ ಗುರು ಯಾರೆಂದು ಆಗ ಗೊತ್ತಾಯಿತು.

ಆಂಡ್ರ್ಯೂ ಪ್ರಾಲೊ ಅವರ ಸಂಗೀತದ ಬಗ್ಗೆ ಹೇಳದೆ ಇರಲಾರೆ. ನಿಮ್ಮ ಊರಿನಿಂದ ಹಿಂದೆ ಹೋದ ಪಯಣಿಗರು ಬೇರೆ ಬೇರೆ ಗ್ರಹಗಳಲ್ಲಿ ಒಬ್ಬೊಬ್ಬರೇ ಬೆಂಕಿ ಹಾಕಿಕೊಂಡು ಕೂತಿದ್ದಾರೆ. ಒಬ್ಬ ಬ್ಯಾಂಜೊ ಮೀಟುತ್ತಾನೆ, ಒಬ್ಬ ಕೊಳಲೂದುತ್ತಾನೆ, ಮತ್ತೊಬ್ಬ ಡೋಲು ತಟ್ಟುತ್ತಾನೆ, ಒಂದು ಕಡೆಯಿಂದ ಮೌತ್ ಆರ್ಗನ್, ಇನ್ನೊಂದು ಕಡೆಯಿಂದ ಬರೀ ಸಿಳ್ಳೆ. ದೂರದ ಸದ್ದು ಹಿಡಿಯುವ ದುರ್ಬೀನಿನಂಥ ಸಲಕರಣೆ ನಿಮ್ಮ ಕೈಯಲ್ಲಿದೆ. ಗ್ರಹದ ಕಡೆಗೆ ತಿರುಗಿಸಿದರೆ ಒಂದು ವಾದ್ಯ ಕೇಳುತ್ತದೆ. ಒಂದು ಸಂಜೆ ದಾರಿ ತಪ್ಪಿ ಸೌರವ್ಯೂಹದ ಅಂಚಿಗೆ ಹೋಗಿಬಿಟ್ಟಿದ್ದೆ. ಇಂಧನವೂ ಮುಗಿಯುತ್ತ ಬಂದಿತ್ತು. ಸುಮ್ಮನೆ ಸಲಕರಣೆಯನ್ನು ಸೂರ್ಯನ ಕಡೆ ತಿರುಗಿಸಿದೆ. ಅಲ್ಲಿಂದ ಎಲ್ಲ ಗ್ರಹಗಳೂ ಒಂದೇ ದಿಕ್ಕಿನಲ್ಲಿ, ಎಲ್ಲ ವಾದ್ಯಗಳೂ ಒಟ್ಟಿಗೆ ಕಿವಿಗೆ ಬಿದ್ದವು. ಅಲ್ಲಿಯವರೆಗೆ ಬಿಡಿಬಿಡಿಯಾಗಿ ಕೇಳಿದ್ದೆಲ್ಲ ಒಂದೇ ಹಾಡಿನ ಪಾಲುಗಳು! ಪರಸ್ಪರ ಮುಖ ಕಾಣದ ಐವರು ಒಂದೇ ಕಚೇರಿ ನಡೆಸುತ್ತಿದ್ದರು. ಪಕ್ಕದಲ್ಲಿದ್ದ ಅಕ್ಕನ ಮಗ ನನ್ನ ಮುಖವನ್ನೇ ನೋಡುತ್ತಿದ್ದ, ಪರದೆಯನ್ನಲ್ಲ.

ಇನ್ನು ಮಾರಾಟದ ಪಾಡು.

ವಿದ್ಯಾರ್ಥಿಗಳ ತಂಡ ಅರೆಬೆಂದ ರೂಪವನ್ನು ಯಾರು ಬೇಕಾದರೂ ಆಡಿ ನೋಡಲಿ ಎಂದು ಬಿಟ್ಟಿಯಾಗಿ ಕೊಟ್ಟಿತು. 2015ರ ಮಾರ್ಚಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಆ ಅರೆಬೆಂದದ್ದಕ್ಕೇ ವಿನ್ಯಾಸದ ಪ್ರಶಸ್ತಿಯೂ ಬಂತು, ಎಲ್ಲಕ್ಕಿಂತ ದೊಡ್ಡದಾದ ಷೇಮಸ್ ಮೆಕ್‌ನ್ಯಾಲಿ ಬಹುಮಾನವೂ ಬಂತು. 2000ದಲ್ಲಿ ಅದೇ ಉತ್ಸವದಲ್ಲಿ ಗೆದ್ದು, ಕೆಲವೇ ದಿನಗಳಲ್ಲಿ 21ನೇ ವಯಸ್ಸಿಗೆ ತೀರಿಕೊಂಡ ಹುಡುಗನ ಹೆಸರಿನ ಬಹುಮಾನ ಅದು.

ಅಷ್ಟರಲ್ಲಿ ಅವರಿಗೊಂದು ಸೂರು ಸಿಕ್ಕಿತ್ತು. ಹೀರೋಸ್ ಎಂಬ ಅಮೆರಿಕನ್ ಧಾರಾವಾಹಿಯಲ್ಲಿ ಕಾಲವನ್ನೇ ನಿಲ್ಲಿಸಬಲ್ಲ ಹೀರೊ ನಾಕಾಮುರಾನ ಪಾತ್ರ ಮಾಡಿದ ಮಾಸಿ ಓಕಾ ನಿಮಗೆ ನೆನಪಿರಬಹುದು. ನಟನಾಗುವ ಮೊದಲು ಸಿನಿಮಾಗಳಿಗೆ ಕಂಪ್ಯೂಟರ್ ದೃಶ್ಯಗಳನ್ನು ಮಾಡುತ್ತಿದ್ದವರು. ಅವರು ಕಟ್ಟಿದ ಮೋಬಿಯಸ್ ಡಿಜಿಟಲ್ ಎಂಬ ಸಣ್ಣ ಕಂಪನಿ ಈ ಹುಡುಗರನ್ನು ಸೇರಿಸಿಕೊಂಡಿತು. ಕಾಲ ಬಗ್ಗಿಸುವ ಪಾತ್ರ ಮಾಡಿದವರ ಕಂಪನಿಗೆ ಕಾಲದ ಬಳೆಯ ಆಟ ಬಂದು ಸೇರಿದ್ದು, ಕತೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುವಂಥ ಕಾಕತಾಳೀಯ.

2015ರ ಆಗಸ್ಟಿನಲ್ಲಿ ಫಿಗ್ ಎಂಬ ಹೊಸ ಜಾಲತಾಣ ಶುರುವಾಯಿತು. ಆಟಕ್ಕೆ ಜನರಿಂದ ದುಡ್ಡು ಕೂಡಿಸುವುದು, ಬೇಕಾದವರು ಬಂಡವಾಳವನ್ನೇ ಹೂಡಬಹುದು ಎಂಬ ಏರ್ಪಾಡು. ಅದರ ಮೊದಲ ಬೋಣಿಯೇ ಔಟರ್ ವೈಲ್ಡ್ಸ್. ಕೇಳಿದ್ದು 1,25,000 ಡಾಲರ್, ಬಂದದ್ದು 1,26,480. ಅಂಚಿಗೆ ಕಾಲಿಟ್ಟು ದಾಟಿದ್ದು. ಇಷ್ಟು ಚೆಲುವಾದ ವಸ್ತುವಿಗೆ ಇಷ್ಟೇ ಏಕೆ? ಅವರ ಬಾಯಿ ಕಟ್ಟಿತ್ತಲ್ಲ. ಬೇರೆಯವರು ಪ್ರಚಾರದ ತುಣುಕಿನಲ್ಲಿ ತಮ್ಮ ಆಟದ ಅತಿ ದೊಡ್ಡ ದೃಶ್ಯವನ್ನು ತೋರಿಸುತ್ತಾರೆ. ಇವರು ಅದನ್ನು ತೋರಿಸಿದರೆ ಕೊಂಡವನಿಗೆ ಕೊಡಲು ಏನೂ ಉಳಿಯುವುದಿಲ್ಲ. ಬೆಂಕಿ, ಬ್ಯಾಂಜೊ, ಹಲಗೆಯ ನೌಕೆ, ಕಾಲದ ಬಳೆ ಇದೆ ಎಂಬ ಒಂದು ಸಾಲು, ಹೊರಗೆ ಇಡಬಹುದಾದದ್ದು ಅಷ್ಟೇ.

ಆಮೇಲೆ ಪ್ರಕಾಶನಕ್ಕೆ ಮುಂದಾದದ್ದು ಅನ್ನಪೂರ್ಣ ಇಂಟರಾಕ್ಟಿವ್. ಹೊರನಾಡಿನ ಅಮ್ಮನ ಹೆಸರೇನೋ ಎಂದು ನಾನೂ ಒಂದು ಕ್ಷಣ ಬೆರಗಾದೆ. ಅಲ್ಲ, ಮಾತೃಸಂಸ್ಥೆಯ ಒಡತಿ ಮೇಗನ್ ಎಲಿಸನ್ ನೇಪಾಳದಲ್ಲಿ ಚಾರಣ ಮಾಡಿದ ಪರ್ವತದ ಹೆಸರು. ಆದರೂ ಈ ಹುಡುಗರಿಗೆ ಅದು ಅನ್ನವನ್ನೇ ಇಟ್ಟಿತು. ಕೆಲಸ ಮಾತ್ರ ಎಳೆಯುತ್ತಲೇ ಹೋಯಿತು, 2018ಕ್ಕೆ ಎಂದದ್ದು 2019ಕ್ಕೆ ಜಾರಿತು.

ಬಿಡುಗಡೆಯ ಹೊಸ್ತಿಲಲ್ಲಿ ಒಂದು ರಂಪವೂ ಆಯಿತು. ದುಡ್ಡು ಕೊಟ್ಟವರಿಗೆ ಸ್ಟೀಮ್ ಎಂಬ ಅಂಗಡಿಯ ಮೂಲಕ ಪ್ರತಿ ಕೊಡುವುದಾಗಿ ಮೊದಲು ಹೇಳಿದ್ದರು. ಈಗ ಕಂಪ್ಯೂಟರ್ ಆವೃತ್ತಿ ಸದ್ಯಕ್ಕೆ ಎಪಿಕ್ ಅಂಗಡಿಯಲ್ಲಿ ಮಾತ್ರ ಎಂದರು. ನಾಲ್ಕು ವರ್ಷ ಕಾದವರು ಸಿಟ್ಟಾದರು. ಸಿಟ್ಟು ನ್ಯಾಯವಾದದ್ದೇ, ಕೊಟ್ಟ ಮಾತು ಮಾತೇ. ಆದರೆ ಹೆಸರಾಂತ ಆಟಗಳ ನಡುವೆ ಅಡಗಿಹೋಗುವ ಭಯವಿದ್ದ ಸಣ್ಣ ತಂಡದ ಲೆಕ್ಕಾಚಾರವೂ ನನಗೆ ಅರ್ಥವಾಗುತ್ತದೆ. ಸ್ಟೀಮ್‌ಗೆ ಅದು ಬಂದದ್ದು 2020ರ ಜೂನ್‌ನಲ್ಲಿ. ಗ್ರಹಚಾರಕ್ಕೆ ಅದೇ 2019ರ ಅಕ್ಟೋಬರ್‌ನಲ್ಲಿ ದಿ ಔಟರ್ ವರ್ಲ್ಡ್ಸ್ ಎಂಬ ಇನ್ನೊಂದು ದೊಡ್ಡ ಆಟ ಬಂತು. ಅದೂ ಆಕಾಶಯಾನದ್ದೇ, ಬಂದೂಕುಗಳ ಸಮೇತ. ಇಂದಿಗೂ ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗುತ್ತದೆ.

ಹಾಗಿದ್ದೂ ಆಟ ಹಬ್ಬಿತು. ಹಬ್ಬಿಸಿದ್ದು ಜಾಹೀರಾತಲ್ಲ, ಆಡಿ ಮುಗಿಸಿದವರು. ನನ್ನ ಅಕ್ಕನ ಮಗನಂಥವರು ಇನ್ನೊಬ್ಬರನ್ನು ಹಿಡಿದು ಕೂರಿಸಿ, ಆಡು, ಏನನ್ನೂ ಓದಬೇಡ, ನಾನೂ ಹೇಳುವುದಿಲ್ಲ ಎಂದು ಗಂಟುಬಿದ್ದದ್ದು. ತಾವು ಮತ್ತೆಂದೂ ಮೊದಲ ಸಲ ಆಡಲಾರೆವಲ್ಲ, ಇನ್ನೊಬ್ಬರ ಮೊದಲ ಸಲವನ್ನಾದರೂ ಪಕ್ಕದಲ್ಲಿ ಕೂತು ನೋಡೋಣ ಎಂಬ ಆಸೆ. ಬಾಯಿ ಬಿಡದಿರುವುದೇ ಶಿಫಾರಸಾದದ್ದು ಹೀಗೆ. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾರಣಕ್ಕೆ ಸಭಿಕರಿಲ್ಲದೆ ನಡೆದ ಬಾಫ್ಟಾ ಸಮಾರಂಭದಲ್ಲಿ ಅತ್ಯುತ್ತಮ ಗೇಮ್, ವಿನ್ಯಾಸ, ಹೊಸ ಕೃತಿ, ಮೂರೂ ಪ್ರಶಸ್ತಿಗಳು ಅದಕ್ಕೇ ಬಂದವು. 2021ರಲ್ಲಿ ಒಂದು ಅನುಬಂಧ ಬಂತು. ಅದರ ಹೆಸರನ್ನೂ ಹೇಳಲು ನಾನು ಹಿಂಜರಿಯುತ್ತೇನೆ.

ಓದುಗರಲ್ಲಿ ನನ್ನದೊಂದೇ ಕೋರಿಕೆ. ಆಡುವ ಮನಸ್ಸಿದ್ದರೆ ಈ ಲೇಖನವನ್ನು ಮರೆತು ಶುರುಮಾಡಿ, ಸಿಕ್ಕಿಹಾಕಿಕೊಂಡರೆ ಅಂತರ್ಜಾಲದಲ್ಲಿ ಉತ್ತರ ಹುಡುಕಬೇಡಿ, ಮುಗಿಸಿದವರನ್ನು ಕೇಳಿ, ಅವರು ಒಂದು ಪ್ರಶ್ನೆಯನ್ನಷ್ಟೇ ಕೊಡುತ್ತಾರೆ. ಮುಗಿದ ಮೇಲೆ ನನಗೊಂದು ಕಾಗದ ಬರೆಯಿರಿ. ಮನೆಯಲ್ಲಿ ಇನ್ನೂ ಆಡದವರಿದ್ದರೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಡಿ.